ಡೆನ್ವರಿನ ವಿರಳ ವಾಯು

ಅಮೆರಿಕದ ಕೊಲರಾಡೊ ರಾಕೀಸ್ ಬೇಸ್‌ಬಾಲ್ ತಂಡದ ಎಸೆತಗಾರರು ಅಭಿಮಾನಿಗಳನ್ನು ಪದೇ ಪದೇ ನಿರಾಶೆಗೊಳಿಸುವುದೇಕೆ? ಸುಧಾರಣೆಯ ಆಶೆಯುಂಟೆ?

ದೋಷದ ಬಹುಪಾಲು ಅಲ್ಲಿಯ ವಾಯುವಿನದು. ತಂಡದ ತವರಾದ ಡೆನ್ವರ್ ನಗರವು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿರುವುದರಿಂದ, ಅಲ್ಲಿನ ಗಾಳಿಯ ಸಾಂದ್ರತೆಯು ಕಡಲತೀರದ ಗಾಳಿಯ ಐದರಲ್ಲಿ ನಾಲ್ಕು ಪಾಲಿನಷ್ಟು ಮಾತ್ರ. ಗಿರ್ರನೆ ತಿರುಗುತ್ತ ಸಾಗುವ ಚೆಂಡು ತನ್ನ ಹೊಲಿಗೆಗಳಿಂದ ಗಾಳಿಯನ್ನು ಸೆಳೆದು ಒಂದು ಬದಿಗೆ ತಳ್ಳುವುದು. ಹಾಗೆ ತಳ್ಳಲ್ಪಟ್ಟ ಗಾಳಿಯು ಚೆಂಡನ್ನು ಎದುರು ಬದಿಗೆ ನೂಕುವುದರಿಂದಲೇ ಅದು ದಾಂಡಿಗನ ಎಣಿಕೆಯನ್ನು ವಂಚಿಸಿ ಬಾಗುವುದು. ತುಂಬಿದ ಹೊಳೆಯಲ್ಲಿ ಚಿಮ್ಮಿ ಸಾಗುವ ದೋಣಿಯು, ನೀರಿಳಿದು ಹುಟ್ಟಿನ ಅಲಗು ಪೂರ್ಣವಾಗಿ ಮುಳುಗದಂತಾದಾಗ ಅದೇ ತೋಳಿನ ಬಲಕ್ಕೆ ಹೇಗೆ ಮಂದವಾಗುವುದೋ, ಹಾಗೆಯೇ ನೂಕಲು ಸಾಕಷ್ಟು ಗಾಳಿ ದೊರೆಯದ ಚೆಂಡು, ಎಸೆದವನ ಕೌಶಲ ಎಷ್ಟೇ ಇರಲಿ, ಬಾಗಬೇಕಾದಷ್ಟು ಬಾಗದೆ ದಾಂಡಿಗೆ ಸುಲಭದ ತುತ್ತಾಗುವುದು. ಹೊಡೆದ ಚೆಂಡಿಗೂ ಪ್ರತಿರೋಧ ಕಡಿಮೆ; ಅದು ದೂರ ಹಾರುವುದು. ಪರಸ್ಥಳಗಳಲ್ಲಿ ಆಡಿ ಬಂದ ಎಸೆತಗಾರನು ಪ್ರತಿಸಲವೂ ತನ್ನ ಕೈಯನ್ನು ಹೊಸದಾಗಿ ಪಳಗಿಸಬೇಕಾಗಿರುವುದು ನಿಜಕ್ಕೂ ಕರುಣಾಜನಕ.

ಆದರೂ ಆಶೆಗೆ ಆಧಾರವಿದೆ. ಒಣಹವೆಯಲ್ಲಿ ಚೆಂಡು ಗಡುಸಾಗಿ ದಾಂಡಿನಿಂದ ಹೆಚ್ಚು ಪುಟಿಯುವುದೆಂದು ಕಂಡು, 2002ರಿಂದ ಚೆಂಡುಗಳನ್ನು ತೇವಾಂಶ ನಿಯಂತ್ರಿತ ಕೋಣೆಯಲ್ಲಿ ಇರಿಸತೊಡಗಿದ ಮೇಲೆ ಹೋಮ್‌ರನ್ನುಗಳು ಇಳಿಮುಖವಾದುವು. 2018ರಲ್ಲಂತೂ ಡೆನ್ವರಿನಲ್ಲಿಯೇ ಹುಟ್ಟಿದ, ತಂಡದ ಎಸೆತಗಾರ ಕೈಲ್ ಫ್ರೀಲಂಡ್, ಒಂಬತ್ತು ಇನ್ನಿಂಗ್ಸಿಗೆ ಸರಾಸರಿ 2.85 ಓಟಗಳನ್ನಷ್ಟೇ ಬಿಟ್ಟುಕೊಟ್ಟು 17 ಪಂದ್ಯಗಳನ್ನು ಗೆದ್ದನು. ವಕ್ರಗತಿಯನ್ನೇ ನೆಚ್ಚದೆ, ವೇಗದ ವ್ಯತ್ಯಾಸವನ್ನೂ ಗುರಿಯ ನಿಖರತೆಯನ್ನೂ ಸಾಧಿಸಿದವರಿಗೆ ಅಲ್ಲಿಯೂ ಜಯವುಂಟು.