‘ಇಂಗ್’ ಎಲ್ಲಿ ಬೇಕು, ಎಲ್ಲಿ ಬೇಡ?

ಮಗಳ ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್. ಹೊಸ ಟೀಚರ್ ನಗುತ್ತಾ ನಿಮ್ಮನ್ನು ಕೇಳುತ್ತಾರೆ, ‘ವಾಟ್ ಡು ಯು ಡು?’ ನೀವು ಮನೆಯಲ್ಲೇ ಬ್ಲೌಸ್ ಹೊಲಿದು ನಾಲ್ಕು ಕಾಸು ಸಂಪಾದಿಸುವವರು. ಧೈರ್ಯ ಮಾಡಿ ‘ಐ ಆಮ್ ಸ್ಟಿಚಿಂಗ್ ಬ್ಲೌಸಸ್’ ಅಂತೀರಿ. ಟೀಚರ್‌ಗೆ ಅರ್ಥವೇನೋ ಆಗುತ್ತೆ. ಆದರೆ ನೀವು ಹೇಳಿದ್ದು ‘ನಾನೀಗ ಬ್ಲೌಸ್ ಹೊಲೀತಾ ಇದೀನಿ’ ಎಂದು! ಅಲ್ಲಿ ಬೇಕಿದ್ದದ್ದು ಬರೀ ‘ಐ ಸ್ಟಿಚ್ ಬ್ಲೌಸಸ್’. ಆಕೆ ‘ವಾಟ್ ಆರ್ ಯು ಡೂಯಿಂಗ್?’ ಅಂತ ಕೇಳಿದ್ದರೆ ಮಾತ್ರ ಈ ಕ್ಷಣದ ಕೆಲಸ ಹೇಳಬೇಕಿತ್ತು.

ಇದಕ್ಕೆ ನಾಚಿಕೊಳ್ಳಬೇಡಿ. ತಪ್ಪು ನಿಮ್ಮ ಇಂಗ್ಲಿಷಿನದಲ್ಲ, ಕನ್ನಡದ ಅಭ್ಯಾಸದ್ದು. ‘ನಿಮ್ಮ ಯಜಮಾನರು ಏನು ಮಾಡ್ತಿದಾರೆ?’ ಅಂದರೆ ‘ಬ್ಯಾಂಕಿನಲ್ಲಿ ಕೆಲಸ ಮಾಡ್ತಿದಾರೆ’ ಅಂತೀವಿ. ಅವತ್ತು ಭಾನುವಾರ, ಯಜಮಾನರು ಒಳಗೆ ಗೊರಕೆ ಹೊಡೀತಿದ್ದರೂ ಅದೇ ಉತ್ತರ! ಕನ್ನಡದಲ್ಲಿ ಅದು ಸರಿಯೇ. ಅದನ್ನೇ ಇಂಗ್ಲಿಷಿಗೆ ಎತ್ತಿಟ್ಟು ‘ಹಿ ಈಸ್ ವರ್ಕಿಂಗ್ ಇನ್ ಎ ಬ್ಯಾಂಕ್’ ಅಂದರೆ, ಕೇಳಿದವರಿಗೆ ಸದ್ಯಕ್ಕೆ ಅಲ್ಲಿದ್ದಾರೆ, ಕೆಲಸ ಕಾಯಂ ಅಲ್ಲವೇನೋ ಅನ್ನಿಸಬಹುದು. ಕಾಯಂ ಕೆಲಸ, ದಿನನಿತ್ಯದ ರೂಢಿ, ಸ್ವಭಾವ... ಇವಕ್ಕೆಲ್ಲ ಸಿಂಪಲ್ ಪ್ರೆಸೆಂಟ್ ಸಾಕು: ‘ಹಿ ವರ್ಕ್ಸ್’. ಈಗ ನಡೀತಿರೋದು ಅಥವಾ ಈಚೆಗೆ ಶುರುವಾಗಿ ಸ್ವಲ್ಪ ದಿನ ಮಾತ್ರ ಇರೋದು ಅಂದರೆ ಕಂಟಿನ್ಯುಯಸ್.

ಅಷ್ಟಕ್ಕೇ ಏನು ಮಹಾ ಅಂತೀರಾ? ಮಗುವಿನೊಂದಿಗೆ ಕನ್ನಡ ಬಾರದ ಊರಿನಲ್ಲಿದ್ದೀರಿ, ಡಾಕ್ಟರಿಗೆ ಫೋನ್ ಮಾಡಬೇಕು ಅಂದುಕೊಳ್ಳಿ. ‘ಹಿ ಡಸಂಟ್ ಈಟ್’ ಅಂದರೆ ಮಗು ಮೊದಲಿನಿಂದಲೂ ಸರಿಯಾಗಿ ಊಟ ಮಾಡಲ್ಲ ಅನ್ನೋ ತಾಯಂದಿರ ಮಾಮೂಲಿ ದೂರು. ‘ಹಿ ಈಸ್ ನಾಟ್ ಈಟಿಂಗ್’ ಅಂದರೆ ಚೆನ್ನಾಗಿದ್ದ ಮಗು ಈಗ ಊಟ ಬಿಟ್ಟಿದೆ ಅಂತ. ಡಾಕ್ಟರ ಕಿವಿ ನೆಟ್ಟಗಾಗೋದು ಎರಡನೆಯದಕ್ಕೆ. ಹಾಗೇ ‘ಹಿ ವಾಮಿಟ್ಸ್’ ಅಂದರೆ ಆಗಾಗ ವಾಂತಿ ಮಾಡೋ ಅಭ್ಯಾಸ. ‘ಹಿ ಈಸ್ ವಾಮಿಟಿಂಗ್’ ಅಂದರೆ ಈಗ, ಈಗಲೇ!

ಇನ್ನು ‘ಇಂಗ್’ ಅಂಟಿಸಲೇಬಾರದ ಕ್ರಿಯಾಪದಗಳಿವೆ. ರೆನ್ ಅಂಡ್ ಮಾರ್ಟಿನ್ ಗ್ರಾಮರ್ ಪುಸ್ತಕದಲ್ಲಿ ಅವುಗಳ ಪಟ್ಟಿಯೇ ಇದೆ. ಬಾಯಿಪಾಠ ಮಾಡೋ ಕಷ್ಟ ಬೇಡ, ಅರ್ಧ ಪಟ್ಟಿ ನಿಮ್ಮ ಕನ್ನಡದಲ್ಲೇ ಇದೆ. ಗೊತ್ತು, ಬೇಕು, ಇಷ್ಟ, ಇದೆ... ಇವುಗಳಿಗೆ ‘ತಿದೀನಿ’ ಸೇರಿಸಿ ನೋಡೋಣ? ‘ನಾನು ಬೇಕುತಿದೀನಿ’ ಅಂತ ಯಾರಾದರೂ ಅಂತಾರಾ! ಇಂಗ್ಲಿಷಿನಲ್ಲೂ ಹಾಗೇ: ಐ ನೋ, ಐ ವಾಂಟ್, ಐ ಲೈಕ್, ಐ ಹ್ಯಾವ್. ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ತಪ್ಪು, ಯಾಕಂದರೆ ಅಕ್ಕಂದಿರು ‘ಇದ್ದಾರೆ’. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ, ಯಾಕಂದರೆ ಊಟ ‘ಮಾಡ್ತಿದೀನಿ’.

ಕನ್ನಡ ಕೈಕೊಡೋದು ಇನ್ನರ್ಧ ಪಟ್ಟಿಯಲ್ಲಿ. ‘ಅರ್ಥ ಆಗ್ತಿಲ್ಲ’, ‘ನೆನಪಾಗ್ತಿಲ್ಲ’, ‘ಕೇಳಿಸ್ತಿಲ್ಲ’ ಅಂತೀವಲ್ಲ, ಅವನ್ನು ಇಂಗ್ಲಿಷ್ ‘ಇಂಗ್’ ಇಲ್ಲದೆಯೇ ಹೇಳುತ್ತೆ. ಐ ಡೋಂಟ್ ಅಂಡರ್‌ಸ್ಟ್ಯಾಂಡ್. ಐ ಡೋಂಟ್ ರಿಮೆಂಬರ್. ಫೋನಿನಲ್ಲಿ ‘ಐ ಆಮ್ ನಾಟ್ ಹಿಯರಿಂಗ್ ಯು’ ಬೇಡ, ‘ಐ ಕಾಂಟ್ ಹಿಯರ್ ಯು’ ಅನ್ನಿ. ಈ ನಾಲ್ಕೈದು ವಾಕ್ಯ ಮಾತ್ರ ಬಾಯಿಪಾಠ ಮಾಡಿಬಿಡಿ.

‘ಮತ್ತೆ ಮೆಕ್‌ಡೊನಾಲ್ಡ್ಸ್‌ನವರು ಐ ಆಮ್ ಲವಿಂಗ್ ಇಟ್ ಅಂತಾರಲ್ಲ?’ ಅಂತ ಮಕ್ಕಳು ಕೇಳೇ ಕೇಳ್ತಾರೆ. 2003ರಲ್ಲಿ ಬಂದ ಆ ಜಾಹೀರಾತಿನ ಮಾತು ನೆನಪಿನಲ್ಲಿ ಉಳಿದಿರೋದಕ್ಕೆ ನಿಯಮವನ್ನು ಚೂರು ಮುರಿದಿರೋದೂ ಒಂದು ಕಾರಣವಿರಬೇಕು. ಈ ಕ್ಷಣ ಸವೀತಾ ಇದೀನಿ ಅನ್ನೋ ಭಾವ ಅಲ್ಲಿದೆ. ಪರೀಕ್ಷೆಯಲ್ಲಿ ಮಾತ್ರ ಮುರಿಯೋದು ಬೇಡ ಅಂತ ಹೇಳಿ.

ಈ ‘ಇಂಗ್’ ಹುಚ್ಚು ನಮ್ಮೊಬ್ಬರದೇ ಅಲ್ಲ, ಇಡೀ ದೇಶದ್ದು. ಮುಂಬೈಯ ಇಂಗ್ಲಿಷ್ ಕವಿ ನಿಸ್ಸೀಮ್ ಎಜೆಕಿಯೆಲ್ ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.’ ಎಂಬ ಪದ್ಯವನ್ನೇ ಈ ಬಗೆಯ ಇಂಗ್ಲಿಷಿನಲ್ಲಿ ಬರೆದು ನಗಿಸಿದ್ದಾರೆ. ನಮ್ಮನಮ್ಮಲ್ಲಿ ಹರಟುವಾಗ ಹೇಗೆ ಆಡಿದರೂ ನಡೆಯುತ್ತೆ ಬಿಡಿ, ಅಲ್ಲಿ ತಿದ್ದೋಕೆ ಬರುವವರ ಬಾಯಿ ಮುಚ್ಚಿಸಿ. ಇಂಟರ್‌ವ್ಯೂ ಆದರೆ ಹಾಗಲ್ಲ.

ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಹೊರಟವರು ಇದನ್ನು ಗಮನಿಸಿ. ‘ಮದುವೆಗೆ ಮುಂಚೆ ಆರು ವರ್ಷ ಸ್ಕೂಲಿನಲ್ಲಿ ಪಾಠ ಮಾಡ್ತಿದ್ದೆ’ ಅನ್ನೋದನ್ನು ‘ಐ ವಾಸ್ ಟೀಚಿಂಗ್’ ಅಂತ ನಿಲ್ಲಿಸಿದರೆ, ಎದುರಿಗಿದ್ದವರು ‘ಆಗ ಏನಾಯ್ತು?’ ಅಂತ ಕಾಯಬಹುದು. ಪಾಸ್ಟ್ ಕಂಟಿನ್ಯುಯಸ್‌ಗೆ ಸಾಮಾನ್ಯವಾಗಿ ಜೊತೆಗೊಂದು ಘಟನೆ ಬೇಕು: ನಾನು ಪಾಠ ಮಾಡ್ತಿದ್ದಾಗ ಕರೆಂಟ್ ಹೋಯ್ತು, ಅನ್ನೋ ಥರ. ಮಾಡಿ ಮುಗಿಸಿದ ಆರು ವರ್ಷದ ಅನುಭವಕ್ಕೆ ‘ಐ ಟಾಟ್ ಫಾರ್ ಸಿಕ್ಸ್ ಇಯರ್ಸ್’ ಅನ್ನಿ. ಎಷ್ಟು ಗಟ್ಟಿಯಾಗಿ ಕೇಳಿಸುತ್ತೆ ನೋಡಿ! ಬಿಟ್ಟುಹೋದ ಹವ್ಯಾಸಕ್ಕೆ ‘ಯೂಸ್ಡ್ ಟು’ ಇದೆ: ‘ಐ ಯೂಸ್ಡ್ ಟು ಪ್ಲೇ ದಿ ವೀಣಾ’.

ಅಭ್ಯಾಸಕ್ಕೆ ಅಡುಗೆಮನೆಯೇ ಸಾಕು. ಒಗ್ಗರಣೆ ಹಾಕುತ್ತಾ ಎರಡು ವಾಕ್ಯ ಜೋರಾಗಿ ಹೇಳಿ. ‘ಐ ಮೇಕ್ ಸಾರು ಎವ್ವೆರಿ ಡೇ. ಟುಡೇ ಐ ಆಮ್ ಮೇಕಿಂಗ್ ಹುಳಿ.’ ನಾಳೆ ದೋಸೆ ಹುಯ್ಯುವಾಗ ಇನ್ನೆರಡು. ಮನೆಯವರು ನಕ್ಕರೆ, ಅದಕ್ಕೂ ಒಂದು ವಾಕ್ಯ ಮಾಡಿ: ಈಗ ನಗ್ತಿದಾರೋ, ಯಾವಾಗಲೂ ನಗ್ತಾರೋ ನೋಡಿಕೊಂಡು!