ಗಾಳಿಯ ತೊಟ್ಟಿ ಮತ್ತು ಬೆಸುಗೆ

ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಉರುಳೆಯಾಕಾರದ ಉಕ್ಕಿನ ತೊಟ್ಟಿಯೊಂದನ್ನು ಎಲ್ಲರೂ ನೋಡಿರುತ್ತಾರೆ. ಕಂಪ್ರೆಸರ್ ಯಂತ್ರವು ಸುತ್ತಲಿನ ಗಾಳಿಯನ್ನು ಸೆಳೆದು ಅದರೊಳಗೆ ಒತ್ತಿ ತುಂಬುತ್ತದೆ. ಕೆಲವು ವರ್ಷಗಳ ತರುವಾಯ ತೊಟ್ಟಿಯ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಗಾಳಿ ಸೋರತೊಡಗುವುದುಂಟು. ಆಗ, ಒಂದು ಚುಕ್ಕೆ ಬೆಸುಗೆ ಹಾಕಿದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ನೀರಿನ ಕೊಡಕ್ಕೆ ಈ ಮಾತು ಸಲ್ಲಬಹುದು. ಗಾಳಿಯ ತೊಟ್ಟಿಗೆ ಸಲ್ಲದು.

ಇದಕ್ಕೆ ಕಾರಣವೇನು? ಒತ್ತಿದ ಗಾಳಿಯು ಅದುಮಿದ ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. 200 ಲೀಟರಿನ ತೊಟ್ಟಿಯಲ್ಲಿ ಚದರ ಸೆಂಟಿಮೀಟರಿಗೆ 10 ಕಿಲೋಗ್ರಾಂ ಒತ್ತಡವಿದೆಯೆಂದು ಭಾವಿಸೋಣ. ಅದು ಥಟ್ಟನೆ ಸಿಡಿದರೆ ಬಿಡುಗಡೆಯಾಗುವ ಶಕ್ತಿಯು 1000 ಕಿಲೋಗ್ರಾಂ ಭಾರವನ್ನು ಸುಮಾರು 25 ಮೀಟರ್ ಎತ್ತರಕ್ಕೆ ಎತ್ತಲು ಸಾಕಾಗುವಷ್ಟಿರುತ್ತದೆ!

ತೂತು ಬೀಳುವುದಾದರೂ ಹೇಗೆ? ಒತ್ತಿದ ಗಾಳಿ ತಣಿದಾಗ ಅದರಲ್ಲಿನ ನೀರಾವಿ ಹನಿಗೂಡಿ ತಳದಲ್ಲಿ ನಿಲ್ಲುತ್ತದೆ. ಅಲ್ಲಿ ತುಕ್ಕು ಹಿಡಿದು ಲೋಹವು ಒಳಗಿನಿಂದಲೇ ಸವೆಯುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದರಂತೆಯೇ ಇರಬಹುದು. ಆದುದರಿಂದ ತೂತು ರೋಗವಲ್ಲ, ರೋಗದ ಲಕ್ಷಣ. ಅದರ ಸುತ್ತಲಿನ ಲೋಹವೂ ತೆಳುವಾಗಿರುವ ಸಂಭವ ಹೆಚ್ಚು. ಅಂತಹ ಕಡೆ ಹಾಕಿದ ಬೆಸುಗೆ ತಣಿದು ಕುಗ್ಗುವಾಗ ಪಕ್ಕದ ಲೋಹದಲ್ಲಿ ಬಿಗಿತವುಂಟಾಗಿ ಕಣ್ಣಿಗೆ ಕಾಣದ ಬಿರುಕುಗಳು ಮೂಡಬಹುದು. ಸೋರಿಕೆ ನಿಲ್ಲುತ್ತದೆ, ಅದರೊಡನೆ ಎಚ್ಚರಿಕೆಯೂ ಮುಚ್ಚಿಹೋಗುತ್ತದೆ.

ಒತ್ತಡವಿರುವ ತೊಟ್ಟಿಗೆ ಬೆಸುಗೆ ಹಾಕುವುದು ಪ್ರಾಣಾಪಾಯಕರ. ಬರಿದು ಮಾಡಿದ ತೊಟ್ಟಿಯೂ ನಿರಪಾಯವಲ್ಲ. ಒಳಗೆ ಅಂಟಿದ ಎಣ್ಣೆಯು ಕಾವಿಗೆ ಆವಿಯಾಗಿ ಹೊತ್ತಿಕೊಳ್ಳಬಹುದು. ತಜ್ಞರು ಲೋಹದ ದಪ್ಪವನ್ನು ಅಳೆದು ಒಪ್ಪಿದರೆ ಮಾತ್ರ, ನುರಿತ ಬೆಸುಗೆಗಾರನು ಶಾಸ್ತ್ರೋಕ್ತ ಕ್ರಮದಲ್ಲಿ ದುರಸ್ತಿ ಮಾಡಬೇಕು. ಬಳಿಕ ತೊಟ್ಟಿಗೆ ನೀರು ತುಂಬಿ, ಬಳಕೆಯ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸುತ್ತಾರೆ. ನೀರು ಒತ್ತಿದರೂ ಕುಗ್ಗುವುದು ಅತ್ಯಲ್ಪವಾದ್ದರಿಂದ ತೊಟ್ಟಿ ಬಿರಿದರೂ ಗಾಳಿಯಂತೆ ಸಿಡಿಯದು. ತುಕ್ಕು ತಿಂದ ತೊಟ್ಟಿಯನ್ನಂತೂ ಗುಜರಿಗೆ ಹಾಕುವುದೇ ವಿವೇಕ.

ಒತ್ತಡದ ಯಂತ್ರಗಳು ಸುರಕ್ಷಿತ ಮಿತಿಯನ್ನು ಮೀರದಂತೆ ನೋಡಿಕೊಳ್ಳುವ ಹೊಣೆಯನ್ನು ಭಾರತದಲ್ಲಿ 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಆದರೆ ಕಾಯಿದೆಯ ಕಣ್ಣು ಪ್ರತಿಯೊಂದು ಅಂಗಡಿಯನ್ನೂ ತಲುಪಲಾರದು. ದಿನವೂ ತಳದ ನಲ್ಲಿಯನ್ನು ತಿರುಗಿಸಿ ನೀರನ್ನು ಹೊರಬಿಡುವುದು, ಸುರಕ್ಷಾ ಕವಾಟವನ್ನು ಸುಸ್ಥಿತಿಯಲ್ಲಿಡುವುದು ಕೆಲಸಗಾರನ ಕೈಯಲ್ಲೇ ಇವೆ. ಹೊಸ ತೊಟ್ಟಿಯನ್ನು ಹಣ ಕೊಟ್ಟು ಕೊಳ್ಳಬಹುದು. ಕಳೆದ ಕಣ್ಣನ್ನು, ಹೋದ ಪ್ರಾಣವನ್ನು ಕೊಳ್ಳಲಾಗದು.