ವಿಪತ್ತು, ಸ್ತ್ರೀ ಮತ್ತು ಸಮಾಜವಿಜ್ಞಾನ

ಚಂಡಮಾರುತದ ವೇಗವನ್ನು ಅಳೆಯುವುದು ಹವಾಮಾನಶಾಸ್ತ್ರಜ್ಞನ ಕಾರ್ಯ. ಅದಕ್ಕೆ ಬಲಿಯಾದವರು ಯಾರು, ಅವರೇ ಏಕೆ ಬಲಿಯಾದರು ಎಂದು ವಿಚಾರಿಸುವುದು ಸಮಾಜವಿಜ್ಞಾನಿಯ ಕಾರ್ಯ. ಗಾಳಿಗೆ ಗಂಡು-ಹೆಣ್ಣು, ಬಡವ-ಬಲ್ಲಿದ ಎಂಬ ಭೇದವಿಲ್ಲ. ಆದರೆ ಮಡಿದವರ ಲೆಕ್ಕವನ್ನು ತೆಗೆದರೆ ಆ ಭೇದವು ಎದ್ದು ಕಾಣುತ್ತದೆ. ಈ ಹೊಸ ಅಧ್ಯಯನ ಶಾಖೆಯ ಮೂಲ ವಿಚಾರವೇ ಇದು.

ಇದಕ್ಕೆ ಬಾಂಗ್ಲಾದೇಶದ ಉದಾಹರಣೆಯು ಸುಪ್ರಸಿದ್ಧವಾದುದು. 1991ರ ಏಪ್ರಿಲ್ 29ರ ರಾತ್ರಿ ಅಲ್ಲಿಯ ಕರಾವಳಿಯನ್ನು ಅಪ್ಪಳಿಸಿದ ಚಂಡಮಾರುತದಲ್ಲಿ ಸುಮಾರು 1,38,000 ಜನರು ಅಸುನೀಗಿದರು. 20ರಿಂದ 44 ವರ್ಷ ವಯಸ್ಸಿನವರಲ್ಲಿ ಸಾವಿರ ಪುರುಷರಿಗೆ 15 ಮಂದಿ ಸತ್ತರೆ, ಸಾವಿರ ಸ್ತ್ರೀಯರಿಗೆ 71 ಮಂದಿ ಸತ್ತರೆಂದು ವರದಿಯಾಗಿದೆ. ಒಂದೇ ಊರು, ಒಂದೇ ಅಲೆ, ಇಷ್ಟು ಅಂತರವೇಕೆ?

ಸಂಶೋಧಕರು ಕಂಡ ಕಾರಣಗಳು ನಿತ್ಯಜೀವನದಲ್ಲಿಯೇ ಅಡಗಿದ್ದವು. ಮುನ್ನೆಚ್ಚರಿಕೆಯ ಸುದ್ದಿ ಪೇಟೆ-ಬೀದಿಗಳಲ್ಲಿ ಪುರುಷರಿಂದ ಪುರುಷರಿಗೆ ಹರಡಿತೇ ಹೊರತು ಮನೆಯೊಳಗನ್ನು ತಲುಪಲಿಲ್ಲ. ತಲುಪಿದಲ್ಲಿಯೂ ಗಂಡನ ಅಪ್ಪಣೆಯಿಲ್ಲದೆ ಹೊರಡಲು ಹೆಣ್ಣು ಹಿಂಜರಿದಳು. ಆಕೆಗೆ ಈಜು ಕಲಿಸಿದವರಿಲ್ಲ. ಕಂಕುಳಲ್ಲಿ ಕೂಸು, ಕಾಲಿಗೆ ತೊಡರುವ ಸೀರೆ. ಪ್ರತ್ಯೇಕ ಕೋಣೆಯಾಗಲಿ ಶೌಚಾಲಯವಾಗಲಿ ಇಲ್ಲದ ಆಶ್ರಯಧಾಮಗಳಲ್ಲಿ ಪರಪುರುಷರ ನಡುವೆ ರಾತ್ರಿ ಕಳೆಯುವ ಸಂಕೋಚವೂ ಪ್ರಾಣಕ್ಕೆ ಎರವಾಯಿತು.

ಇದು ಒಂದು ನಾಡಿನ ಕಥೆಯಷ್ಟೇ ಅಲ್ಲ. ನೊಯ್‌ಮಾಯರ್ ಮತ್ತು ಪ್ಲ್ಯೂಂಪರ್ ಎಂಬ ವಿದ್ವಾಂಸರು 1981ರಿಂದ 2002ರವರೆಗಿನ 141 ದೇಶಗಳ ಅಂಕಿ-ಅಂಶಗಳನ್ನು ಪರಿಶೀಲಿಸಿ 2007ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ವಿಪತ್ತುಗಳು ಸ್ತ್ರೀಯರ ಆಯುರ್ಮಾನವನ್ನು ಪುರುಷರದಕ್ಕಿಂತ ಹೆಚ್ಚಾಗಿ ಕುಗ್ಗಿಸುತ್ತವೆ. ಆದರೆ ಸ್ತ್ರೀಯರ ಸಾಮಾಜಿಕ, ಆರ್ಥಿಕ ಸ್ಥಾನಮಾನ ಏರಿದಂತೆಲ್ಲ ಈ ಅಂತರವು ತಗ್ಗುತ್ತದೆ. ಅಂದಮೇಲೆ ಅಬಲತೆ ಹುಟ್ಟಿನಿಂದ ಬಂದುದಲ್ಲ, ಸಮಾಜವು ಹೊರಿಸಿದ್ದು. ಹೊರಿಸಿದ್ದನ್ನು ಇಳಿಸಲೂ ಬಹುದು.

ಬಾಂಗ್ಲಾದೇಶವೇ ಇದನ್ನು ತೋರಿಸಿಕೊಟ್ಟಿತು. ಆಶ್ರಯಧಾಮಗಳು ಹೆಚ್ಚಿದವು, ಮುನ್ಸೂಚನೆ ಸುಧಾರಿಸಿತು. 1970ರ ದಶಕದ ಆದಿಯಲ್ಲಿ ಆರಂಭವಾದ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮದ 76,000ಕ್ಕೂ ಮಿಕ್ಕಿದ ಸ್ವಯಂಸೇವಕರಲ್ಲಿ ಇಂದು ಸುಮಾರು ಅರ್ಧದಷ್ಟು ಮಂದಿ ಮಹಿಳೆಯರು. ಅವರು ಬಾಗಿಲು ದಾಟಿ ಒಳಮನೆಗೂ ಎಚ್ಚರಿಕೆಯನ್ನು ಮುಟ್ಟಿಸಬಲ್ಲರು. 2007ರ ಪ್ರಚಂಡ 'ಸಿಡ್ರ್' ಚಂಡಮಾರುತದಲ್ಲಿ ಮಡಿದವರ ಸಂಖ್ಯೆ ಸುಮಾರು 3,400. ದುಃಖಕರವೇ ಸರಿ; ಆದರೂ 1991ರದಕ್ಕೆ ಹೋಲಿಸಿದಾಗ ಎಷ್ಟೋ ಕಡಿಮೆ.

ವಿದ್ಯಾಸಂಸ್ಥೆಯ ಬಂಧುಗಳು ಗಮನಿಸಬೇಕಾದ ಸಂಗತಿಯೊಂದಿದೆ. ಅಲ್ಲಿಯ ಅನೇಕ ಆಶ್ರಯಧಾಮಗಳು ಉಳಿದ ದಿನಗಳಲ್ಲಿ ಪ್ರಾಥಮಿಕ ಶಾಲೆಗಳು. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಅದೇ ಕೋಣೆಗಳಲ್ಲಿ ಮಕ್ಕಳು ಅಕ್ಷರ ಕಲಿಯುತ್ತಾರೆ; ಆಪತ್ತು ಬಂದಾಗ ಊರೇ ಅಲ್ಲಿಗೆ ಬರುತ್ತದೆ. ನೆರೆ ಬಂದಾಗ ನಮ್ಮ ನಾಡಿನಲ್ಲಿಯೂ ಜನ ಆಶ್ರಯ ಪಡೆಯುವುದು ಶಾಲೆ-ಮಠಗಳಲ್ಲಿಯೇ. ಆದುದರಿಂದ ದಾನಿಗಳು ಕಟ್ಟಿಸುವ ಹೆಣ್ಣುಮಕ್ಕಳ ಶೌಚಾಲಯ, ಅಧ್ಯಾಪಕರು ಹುಡುಗಿಗೆ ಕಲಿಸುವ ಧೈರ್ಯದ ಮಾತು ಇವು ಸಣ್ಣ ಕಾರ್ಯಗಳಲ್ಲ. ಹಸಿದು ಬಂದವರಿಗೆ ಅನ್ನವಿಕ್ಕುವುದು ದಾಸೋಹ. ಹೆದರಿ ಬಂದವಳು ಸಂಕೋಚವಿಲ್ಲದೆ ಒಳಗೆ ಅಡಿಯಿಡುವಂತೆ ಬಾಗಿಲನ್ನು ಮೊದಲೇ ಅಣಿಗೊಳಿಸುವುದೂ ದಾಸೋಹವೇ.